ಹತ್ತನೇ ಕ್ಲಾಸು ಮುಗಿದ ಮೇಲಿನ ಎರಡು ತಿಂಗಳು

ಪ್ರೀತಿಯ ಮಲ್ಲು,

ಊರಿನ ಹೆಣ್ಣುಮಕ್ಕಳಿಗೆ ಬ್ಯಾಗು, ನೋಟ್‌ಬುಕ್ಕು ಕೊಡಿಸುತ್ತೇನೆ ಅಂತ ಬರೆದಿದ್ದೀಯ. ಓದಿ ಬಹಳ ಖುಷಿಯಾಯಿತು. ಆದರೆ ಆ ದುಡ್ಡನ್ನು ಬೇಸಿಗೆವರೆಗೆ ಹಾಗೇ ಇಟ್ಟಿರು. ನಮ್ಮ ಇಂಡಿ ಕಡೆ ಹುಡುಗಿಯರ ಓದು ನಿಲ್ಲುವುದು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ನಡುವೆ. ಮದುವೆ ಸೀಸನ್ನೂ ಆಗಲೇ ಅಲ್ವಾ? ಬೀಗರು ಬಂದು ಚಹಾ ಕುಡಿದು ಹೋಗುವಷ್ಟರಲ್ಲಿ ಮಾತುಕತೆ ಮುಗಿದಿರುತ್ತದೆ.

ಫೇಲಾದರಂತೂ ಕೇಳಲೇಬೇಡ. ಹೋದ ವರ್ಷ ನಮ್ಮ ಓಣಿಯ ಹುಡುಗಿಯೊಬ್ಬಳು ಗಣಿತದಲ್ಲಿ ಫೇಲಾದಳು. "ಮನ್ಯಾಗ ಕುಂತು ಏನ್ ಮಾಡ್ತಾಳ್ರಿ? ಚಲೋ ಮನಿತನ ಬಂದೈತಿ" ಅಂದ ಅವಳಪ್ಪ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಅದೇ ವರ್ಷ ಮತ್ತೆ ಬರೆಯಬಹುದು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಗಣಿತದ ಸರ್ ಮನೆಗೇ ಬಂದು, ಕಟ್ಟೆ ಮೇಲೆ ಕೂತು ಅರ್ಜಿ ತುಂಬಿಸಿದರು. ಹುಡುಗಿ ಎರಡನೇ ಪರೀಕ್ಷೆಯಲ್ಲಿ ಪಾಸಾದಳು. ಈಗ ಪಿಯುಸಿ ಓದುತ್ತಿದ್ದಾಳೆ.

ಕಾನೂನು ಗಟ್ಟಿಯಾಗೇ ಇದೆ. 2006ರ ಕೇಂದ್ರದ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 2017ರಲ್ಲಿ ಜಾರಿಗೆ ಬಂತು. ಹದಿನೆಂಟು ತುಂಬದ ಹುಡುಗಿಯ ಮದುವೆ ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋದರೆ ಅಧಿಕಾರಿಗಳು ಬಂದು ಮದುವೆ ನಿಲ್ಲಿಸಿ, ಅಪ್ಪ-ಅವ್ವನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಮರುದಿನದಿಂದ ಆ ಹುಡುಗಿ ಏನು ಮಾಡಬೇಕು, ಹೇಳು? ಕಾಲೇಜಿಗೆ ಹೆಸರು ಹಚ್ಚದಿದ್ದರೆ, ತಿಂಗಳು ಬಿಟ್ಟು ಯಾವುದೋ ದೂರದ ಗುಡಿಯಲ್ಲಿ ತಾಳಿ ಕಟ್ಟಿಸಿಬಿಡುತ್ತಾರೆ.

ಹೆಸರು ಹಚ್ಚುವುದಕ್ಕೂ ಓಡಾಟ ಜಾಸ್ತಿ. ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ಹಾಸ್ಟೆಲ್ ಅರ್ಜಿ. ನಾಡಕಚೇರಿಗೆ ಹೋದರೆ ಆ ದಿನದ ಕೂಲಿ ಹೋಯಿತು, ಅದಕ್ಕೇ ಅಪ್ಪಂದಿರು ನಾಳೆ ನಾಳೆ ಅನ್ನುತ್ತಾರೆ. ನಿನ್ನ ದುಡ್ಡು ಬೇಕಾಗಿರುವುದು ಇಲ್ಲಿ. ಸರ್ಕಾರಿ ಬಸ್ಸೇನೋ 2023ರಿಂದ ಹೆಣ್ಣುಮಕ್ಕಳಿಗೆ ಪುಕ್ಕಟೆ. ಆದರೆ ಕಾಲೇಜು ಬಿಡುವ ಹೊತ್ತಿಗೆ ನಮ್ಮೂರಿಗೆ ಬಸ್ಸೇ ಇಲ್ಲ. ಕತ್ತಲಾದ ಮೇಲೆ ಒಬ್ಬಳೇ ಬರಬೇಕು ಅಂದರೆ ಯಾವ ತಾಯಿ ಕಳಿಸುತ್ತಾಳೆ? ಹಾಗಾಗಿ ಹಾಸ್ಟೆಲ್ ಸೀಟು ಸಿಗಲೇಬೇಕು. ಸಿಗದವರಿಗೆ ಸಂಜೆ ಒಂದು ಟಂಟಂ ಆಟೊ ಗೊತ್ತು ಮಾಡೋಣ.

ರಿಸಲ್ಟ್ ಬರುವ ವಾರ ರಜೆ ಹಾಕಿ ಬಾ. ನಿನ್ನ ತಂಗಿ ಓದಿ ನರ್ಸ್ ಆಗಿದ್ದನ್ನು ಊರೆಲ್ಲ ಕಂಡಿದೆ, ನೀನು ಹೇಳಿದರೆ ಕೇಳುತ್ತಾರೆ. ಆದರೆ ಅವಳನ್ನೂ ಕರೆದುಕೊಂಡು ಬಾ. ಅವ್ವಂದಿರ ಹತ್ತಿರ ಅಡುಗೆಮನೆಯಲ್ಲಿ ಕೂತು ಮಾತಾಡಲು ನಮಗಿಬ್ಬರಿಗೂ ಬರುವುದಿಲ್ಲ. ಈ ವರ್ಷ ಹತ್ತನೇ ಕ್ಲಾಸಿನಲ್ಲಿರುವ ಹುಡುಗಿಯರ ಮನೆಗಳನ್ನು ನಾನು ಈಗಲೇ ನೋಡಿಟ್ಟಿರುತ್ತೇನೆ.

ನಿನ್ನ
ಈರಣ್ಣ