ಎಲ್ಲರ ಗಮನಕ್ಕೆ: ಕೊಬ್ಬಿನ ಕೋಶ 'ಕರಗಿಸುವ' ಸಂದೇಶಗಳು ಬೇಡ

ಎಲ್ಲರಿಗೂ ನಮಸ್ಕಾರ. ಕೊಬ್ಬಿನ ಕೋಶಗಳನ್ನೇ ಕರಗಿಸುತ್ತೇವೆ ಎನ್ನುವ ಕಷಾಯ, ಪುಡಿಗಳ ಫಾರ್ವರ್ಡ್‌ಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ದೇಹ ಹಾಗೆ ಕೆಲಸ ಮಾಡುವುದಿಲ್ಲ.

ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಕಾರ್ಬನ್-14 (ಇಂಗಾಲದ ಒಂದು ವಿಕಿರಣಶೀಲ ರೂಪ) ನಮ್ಮ ಡಿಎನ್‌ಎಯಲ್ಲೂ ಸೇರಿಕೊಂಡಿದೆ. ಅದನ್ನು ಅಳೆದು ಕೊಬ್ಬಿನ ಕೋಶಗಳ ವಯಸ್ಸು ಕಂಡುಹಿಡಿದರು. ಎಂಥ ಜಾಣ್ಮೆ ನೋಡಿ! ವರ್ಷಕ್ಕೆ ಸುಮಾರು ಶೇ 10ರಷ್ಟು ಕೋಶಗಳು ಸಾಯುತ್ತವೆ, ಹೆಚ್ಚುಕಡಿಮೆ ಅಷ್ಟೇ ಹೊಸವು ಹುಟ್ಟುತ್ತವೆ. ಒಟ್ಟು ಸಂಖ್ಯೆ ಬಾಲ್ಯ, ಹದಿಹರೆಯದಲ್ಲೇ ಬಹುಪಾಲು ನಿಗದಿಯಾಗಿಬಿಡುತ್ತದೆ. ದೊಡ್ಡವರಾದ ಮೇಲೆ ತೂಕ ಇಳಿಸಿದರೆ ಕೋಶಗಳು ಕುಗ್ಗುತ್ತವೆ, ಸಂಖ್ಯೆ ಇಳಿಯುವುದಿಲ್ಲ. ಕುಗ್ಗಿದ ಕೋಶಗಳಿಂದ ಹಸಿವು ತಡೆಯುವ ಲೆಪ್ಟಿನ್ ಹಾರ್ಮೋನು ಕಡಿಮೆ ಬರುತ್ತದೆ, ಹಸಿವು ಹೆಚ್ಚುತ್ತದೆ. ಇಳಿದ ತೂಕ ಮತ್ತೆ ಏರಲು ಇದೂ ಒಂದು ಕಾರಣ.

ಹಾಗಾಗಿ ತೂಕ ಮರಳಿ ಬಂದವರಿಗೆ 'ಬಾಯಿ ಕಟ್ಟೋಕಾಗಲ್ವಾ' ಅಂತ ಈ ಗುಂಪಿನಲ್ಲಿ ಯಾರೂ ಹೇಳಬಾರದು. ನನಗೆ ಇದು ತುಂಬಾ ಮುಖ್ಯ. ಕೋಶಗಳು ಕುಗ್ಗಿದರೂ ಸಕ್ಕರೆ ಕಾಯಿಲೆ, ಬಿ.ಪಿ. ಹತೋಟಿಗೆ ಲಾಭವಿದೆ, ಅದಕ್ಕೇ ನಡಿಗೆ ಬಿಡಬೇಡಿ. ಕೋಶಗಳ ಸಂಖ್ಯೆ ಚಿಕ್ಕಂದಿನಲ್ಲೇ ನಿಗದಿಯಾಗುವುದರಿಂದ ಮಕ್ಕಳನ್ನು ಸಂಜೆ ಆಟಕ್ಕೆ ಕಳಿಸಿ. ತೂಕ ಇಳಿಸುವ ಮಾತ್ರೆ, ಇಂಜೆಕ್ಷನ್ ವಿಚಾರವನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ.

– ಅಡ್ಮಿನ್