ಸೋತ ವಾದವನ್ನು ಬರೆಯುವವರಿಗೆ

ಮಾಟುಂಗಾ, ಮುಂಬಯಿ

ಪ್ರಿಯ ಕಿರಿಯ ಮಿತ್ರರೇ,

ನಮಸ್ಕಾರ. ನೀವು ಕಳುಹಿಸಿದ ಲಲಿತ ಪ್ರಬಂಧವನ್ನು ಓದಿದೆ. ಡೊಂಬಿವಲಿಯ ನಿಮ್ಮ ನಾಯಕ ದೇಶದ ಮೊದಲ ರೈಲು ಯಾವುದೆಂದು ಚೆನ್ನೈಯವರೊಬ್ಬರೊಡನೆ ವಾಟ್ಸಾಪಿನಲ್ಲಿ ವಾದಿಸಿ ಸೋಲುವ ಪ್ರಸಂಗ ನಗೆಗೆ ಒಳ್ಳೆಯ ವಸ್ತುವೇ. ಆದರೆ ನೀವು ಅವನನ್ನು ಸೋಲಲು ಬಿಟ್ಟಿಲ್ಲ. ಕೊನೆಯ ಪುಟದಲ್ಲಿ ಎದುರಾಳಿಯನ್ನು ಮೂರ್ಖನನ್ನಾಗಿಸಿ, ನಾಯಕನೇ ಸರಿಯೆಂದು ಓದುಗರ ಕಿವಿಯಲ್ಲಿ ಊದಿಬಿಟ್ಟಿದ್ದೀರಿ. ಅಲ್ಲಿಗೆ ಹಾಸ್ಯ ಹೋಗಿ ದೂರು ಉಳಿಯಿತು.

ನಗೆಯೆಲ್ಲ ಇರುವುದು, ಸೋತೆನೆಂದು ಮನಸ್ಸಿಗೆ ಗೊತ್ತಾದ ಗಳಿಗೆಗೂ ಅದನ್ನು ಬಾಯಿಬಿಟ್ಟು ಒಪ್ಪುವ ಗಳಿಗೆಗೂ ನಡುವೆ ಮನುಷ್ಯ ಮಾಡುವ ಕಸರತ್ತಿನಲ್ಲಿ. ದೇಶದ ಮೊದಲ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ ಥಾಣೆಗೆ ಓಡಿತೆಂದು ನಿಮ್ಮ ನಾಯಕ ಸಾರುತ್ತಾನೆ. ರೂರ್ಕಿಯಲ್ಲಿ 1851ರಲ್ಲೇ ಉಗಿಯಂತ್ರವೊಂದು ಕಾಲುವೆ ಕೆಲಸದ ಮಣ್ಣು ಸಾಗಿಸಿತ್ತೆಂದು ಚೆನ್ನೈಯವರು ನೆನಪಿಸಿದಾಗ, ಮಣ್ಣು ಹೊತ್ತದ್ದು ರೈಲೇ ಅಲ್ಲ ಎನ್ನುತ್ತಾನೆ. ಮದರಾಸಿನ ರೆಡ್ ಹಿಲ್ಸ್ ರೈಲು 1837ರಲ್ಲೇ ಕಲ್ಲು ಹೊತ್ತಿತ್ತಲ್ಲ ಎಂದರೆ, ತಾನು ಹೇಳಿದ್ದು ಮನುಷ್ಯರನ್ನು ಹೊತ್ತ ರೈಲಿನ ಮಾತು ಎನ್ನುತ್ತಾನೆ. ಬೋರಿ ಬಂದರಿನಲ್ಲಿ ಆ ದಿನ ಹತ್ತಿದ ಸುಮಾರು 400 ಮಂದಿ ಟಿಕೆಟ್ ಕೊಂಡವರಲ್ಲ, ಆಹ್ವಾನಿತರು ಎಂದಾಗ, ಆಹ್ವಾನಿತರೂ ಮನುಷ್ಯರೇ ಎಂದು ಸಿಡುಕುತ್ತಾನೆ. ಈ ಒಂದು ಮಾತಿಗೆ ನಾನು ಗಟ್ಟಿಯಾಗಿ ನಕ್ಕೆ. ಹೀಗೆ ವಿಶೇಷಣಗಳನ್ನು ಒಂದೊಂದಾಗಿ ಸೇರಿಸುತ್ತ ಹಿಂದೆ ಸರಿದವನು ಕಡೆಗೆ 'ಸಾರ್ವಜನಿಕ ಸೇವೆಯ ಮೊದಲ ಪ್ರಯಾಣಿಕರ ರೈಲು' ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ಅದು ನಿಜ, ಆದರೆ ಅದನ್ನು ಅಲ್ಲವೆಂದವರು ಮೊದಲಿನಿಂದಲೂ ಯಾರೂ ಇರಲಿಲ್ಲ. ನಿಮ್ಮ ಪ್ರಬಂಧ ಅಲ್ಲಿಯೇ ಮುಗಿದಿದೆ, ನೀವು ಮಾತ್ರ ಗಮನಿಸಿಲ್ಲ.

ಇಂಟರ್ನೆಟ್ಟು ಹೊಸದಾದರೂ ಈ ಕಸರತ್ತು ಹಳೆಯದು. ನಮ್ಮ ತರ್ಕಶಾಸ್ತ್ರದ ಪ್ರಾಚೀನ ಗ್ರಂಥವಾದ ನ್ಯಾಯಸೂತ್ರದ ಐದನೆಯ ಅಧ್ಯಾಯ ವಾದದಲ್ಲಿ ಸೋಲುವ 22 ಬಗೆಗಳನ್ನು ನಿಗ್ರಹಸ್ಥಾನಗಳೆಂದು ಎಣಿಸುತ್ತದೆ. ಆಕ್ಷೇಪ ಬಂದ ಮೇಲೆ ಪ್ರತಿಜ್ಞೆಗೆ, ಎಂದರೆ ತಾನು ಸಾಧಿಸಹೊರಟ ಮಾತಿಗೆ, ಹೊಸ ವಿಶೇಷಣ ತೊಡಿಸುವುದು ಪ್ರತಿಜ್ಞಾಂತರ. ತನ್ನ ದೋಷವನ್ನು ಅಲ್ಲಗಳೆಯಲಾರದೆ 'ನಿಮ್ಮಲ್ಲೂ ಅದೇ ಇದೆಯಲ್ಲ' ಎನ್ನುವುದು ಮತಾನುಜ್ಞಾ. ಬೇರೆ ಕೆಲಸವಿದೆಯೆಂಬ ನೆಪದಲ್ಲಿ ವಾದವನ್ನು ನಡುವೆ ಕಡಿದು ಹೋಗುವುದು ವಿಕ್ಷೇಪ. ನಿಮ್ಮ ನಾಯಕ 'ಲೋಕಲ್ ಬಂತು, ಆಮೇಲೆ ಮಾತಾಡೋಣ' ಎಂದು ಬರೆದು ಮಾಯವಾಗುತ್ತಾನಲ್ಲ, ಅದೇ. ಆ ಸಾಲನ್ನು ಅವನು ಮನೆಯಲ್ಲಿ, ಊಟ ಮುಗಿಸಿ, ಲುಂಗಿ ಸುತ್ತಿ ಕುಳಿತು ಬರೆದಿದ್ದರೆ ಇನ್ನೂ ಸೊಗಸಾಗಿರುತ್ತಿತ್ತು.

ಒಂದು ವ್ಯತ್ಯಾಸವನ್ನು ಮಾತ್ರ ನೀವು ಬಳಸಿಕೊಳ್ಳಬೇಕು. ಇಲ್ಲಿಯ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಸೋತ ವಾದವನ್ನು ಬಿಲ್ಲು ಬರುವಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ, ಆದರೆ ಫೋನಿನಲ್ಲಿ ಸೋತದ್ದಕ್ಕೆ ವೇಳೆ ಸಮೇತ ದಾಖಲೆ ಉಳಿಯುತ್ತದೆ. 'ಟೈಪಿಂಗ್' ಎಂದು ಕಾಣಿಸಿಕೊಂಡು, ನಿಂತು, ಮತ್ತೆ ಕಾಣಿಸಿಕೊಂಡು, ಕೊನೆಗೆ ಬರಿಯ ಕೈಮುಗಿದ ಚಿತ್ರವೊಂದು ಬರುವುದನ್ನು ಎದುರಾಳಿಯ ಕಡೆಯಿಂದ ವರ್ಣಿಸಿ. ಬರೆದದ್ದನ್ನು ಅಳಿಸಿದರೂ, ಅಳಿಸಲಾಗಿದೆ ಎಂಬ ಸೂಚನೆ ಎಲ್ಲರಿಗೂ ಕಾಣುತ್ತದೆ. ಹಿಟ್ಲರನನ್ನು ಕರೆತರಬೇಡಿ, ಇಂಟರ್ನೆಟ್ಟಿನ ವಾದ ಉದ್ದವಾದಷ್ಟೂ ಅವನ ಹೋಲಿಕೆ ಬರುವ ಸಂಭವ ಹೆಚ್ಚೆಂದು ಅಮೆರಿಕದ ವಕೀಲ ಮೈಕ್ ಗಾಡ್ವಿನ್ 1990ರಲ್ಲೇ ಹೇಳಿಯಾಗಿದೆ, ಆ ನಗೆ ಹಳಸಿದೆ. ಎದುರಾಳಿಯ ಕಾಗುಣಿತದ ತಪ್ಪನ್ನು ಹಿಡಿದು ನಗಿಸುವುದೂ ಬೇಡ. ಅವರು ಜಾಣರಾಗಿಯೂ ಸಭ್ಯರಾಗಿಯೂ ಇದ್ದಷ್ಟು ನಿಮ್ಮ ನಾಯಕನ ಪಾಡು ಕಳೆಗಟ್ಟುತ್ತದೆ.

ಕೊನೆಯ ಪುಟವನ್ನು ತೆಗೆದು ಮತ್ತೊಮ್ಮೆ ಕಳುಹಿಸಿ. ಅಂದಹಾಗೆ, ಬೋರಿ ಬಂದರಿನಿಂದ ಥಾಣೆಗೆ ಸುಮಾರು 34 ಕಿಲೋಮೀಟರ್. ನಿಮ್ಮ ಕರಡಿನಲ್ಲಿ 43 ಎಂದಿದೆ. ತಪ್ಪು ನಿಮ್ಮದಾದರೆ ತಿದ್ದಿ, ನಾಯಕನದಾದರೆ ಹಾಗೆಯೇ ಬಿಟ್ಟು ಚೆನ್ನೈಯವರ ಕಣ್ಣಿಗೆ ಬೀಳಿಸಿ.

ಇತಿ,
ನಿಮ್ಮ ಹಿತೈಷಿ