ಹರಿದ ಹಾಳೆಗೆ ಪಹಣಿ ಕೇಳಿದವರ ಕುರಿತು ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಕೋಲಾರ ಜಿಲ್ಲೆಯಲ್ಲಿ, ತಮ್ಮದೇ ಕ್ಷೇತ್ರದಲ್ಲಿ, ಇಪ್ಪತ್ತು ಗುಂಟೆಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸ್ ಕಟ್ಟಿಕೊಂಡು ಕೆಂಪು, ಹಳದಿ ಕ್ಯಾಪ್ಸಿಕಂ ಬೆಳೆಯುತ್ತಿರುವ ರೈತನ ನಮಸ್ಕಾರಗಳು. ಮೂರು ಬೇಸಿಗೆಗಳಲ್ಲಿ ಮೂರು ಅರ್ಜಿ ಕೊಟ್ಟು, ಮೂರಕ್ಕೂ ಹಿಂಬರಹ ಪಡೆದು, ಇನ್ನು ಕಚೇರಿಯ ಮೆಟ್ಟಿಲು ಹತ್ತಿ ಪ್ರಯೋಜನವಿಲ್ಲವೆಂದು ಮನವರಿಕೆಯಾದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಇಷ್ಟೇ: ಗಾಳಿಮಳೆಗೆ ಪಾಲಿಹೌಸ್ ಹಾನಿಯಾದರೆ ಐದು ದಿನದೊಳಗೆ ಸ್ಥಳ ಪರಿಶೀಲನೆ ನಡೆಯಬೇಕು, ಹಾಳೆಯ ನಷ್ಟವನ್ನೂ ನಷ್ಟವೆಂದು ಬರೆದುಕೊಳ್ಳಬೇಕು.

‘ಭರಣಿ ಮಳೆ ಧರಣಿ ಬೆಳೆ’ ಎಂದು ಹಿರಿಯರು ಹೇಳಿದ್ದು ಹೊಲದವರಿಗೆ. ಪಾಲಿಹೌಸಿನವರಿಗೆ ಭರಣಿಯೆಂದರೆ ಮಳೆಗಿಂತ ಮೊದಲು ಬರುವ ಗಾಳಿ. ಫೆಬ್ರವರಿಯಲ್ಲಿ ಒಂದಕ್ಕೆ 11 ರೂಪಾಯಿಯಂತೆ 5,500 ಸಸಿ ತಂದು ನಾಟಿ ಮಾಡಿ, ಗಿಡಕ್ಕೆರಡು ರೆಂಬೆ ಉಳಿಸಿ ದಾರಕ್ಕೆ ಹಬ್ಬಿಸಿ, ಮೊದಲ ಕಾಯಿ ದಪ್ಪವಾಗಿ ಬಣ್ಣ ತಿರುಗುವುದನ್ನು ಕಾಯುತ್ತಿದ್ದ ಹೊತ್ತಿಗೆ, ಒಂದು ಸಂಜೆ ಬೀಸಿದ ಗಾಳಿ ಚಾವಣಿಯ ಹಾಳೆಯನ್ನು ಹಿಡಿದಿಡುವ ಸ್ಪ್ರಿಂಗುಗಳನ್ನೆಲ್ಲ ಕಿತ್ತು ಅದನ್ನು ಉದ್ದಕ್ಕೂ ಸೀಳಿಹಾಕಿತು. ಕ್ಯಾಪ್ಸಿಕಂ ಗಿಡ ಕವಲಿನಲ್ಲಿ ಎಷ್ಟು ಪೆಡಸು ಎಂಬುದು ಬೆಳೆದವರಿಗೆ ಗೊತ್ತು. ಕಾಯಿಯ ಭಾರಕ್ಕೆ ಲಟಕ್ಕೆಂದು ಮುರಿಯುತ್ತದೆ, ಮತ್ತೆ ಕೂಡುವುದಿಲ್ಲ. ಮೂರನೆಯ ದಿನಕ್ಕೆ ಉಳಿದ ಕಾಯಿಗಳ ಹೆಗಲ ಮೇಲೆ ಬಿಸಿಲಿಗೆ ಬೆಂದ ಬಿಳಿಚು ಕಲೆಗಳು ಕಾಣಿಸಿಕೊಂಡವು. ಮುಟ್ಟಿದರೆ ಕಾಗದ ಮುಟ್ಟಿದಂತಿತ್ತು. ಅಂಥ ಕಾಯಿಯನ್ನು ಮಂಡಿಯಲ್ಲಿ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ.

ಗಾಳಿ ಬೀಸಿದ ಮರುದಿನ ಬೆಳಿಗ್ಗೆಯೇ ಅರ್ಜಿ ಕೊಟ್ಟಿದ್ದೆ. ಯಾರೂ ಬರಲಿಲ್ಲ. ಬೆಳೆಯಾದರೂ ಉಳಿಯಲೆಂದು ಆರನೆಯ ದಿನ ಸಾಲ ಮಾಡಿ ಹೊಸ ಹಾಳೆ ಹಾಕಿಸಿದೆ. ಹದಿನೆಂಟನೆಯ ದಿನ ಬಂದ ಸಿಬ್ಬಂದಿ ತಲೆಯೆತ್ತಿ ನೋಡಿ, “ಶೀಟು ಚೆನ್ನಾಗಿಯೇ ಇದೆಯಲ್ಲ” ಎಂದರು. ಬದುವಿನ ಮೇಲೆ ರಾಶಿ ಹಾಕಿದ್ದ ಹರಿದ ಹಾಳೆಯನ್ನು ತೋರಿಸಿದರೆ, “ಇದು ನಿಮ್ಮ ಪಾಲಿಹೌಸಿನದೇ ಎನ್ನುವುದಕ್ಕೆ ದಾಖಲೆ ಏನಿದೆ?” ಎಂದು ಕೇಳಿದರು. ಪ್ಲಾಸ್ಟಿಕ್ ಹಾಳೆಗೂ ಪಹಣಿ ಇರಬೇಕೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಕೊಂಡ ದಿನವೇ ಖಾತೆ ಮಾಡಿಸಿಕೊಳ್ಳುತ್ತಿದ್ದೆ. ಮೊಬೈಲಿನಲ್ಲಿ ದಿನಾಂಕಸಹಿತ ಫೋಟೋಗಳಿದ್ದವು, ನೋಡಲಿಲ್ಲ. ‘ಸ್ಥಳ ಪರಿಶೀಲನೆಯಲ್ಲಿ ಹಾನಿ ಕಂಡುಬಂದಿರುವುದಿಲ್ಲ’ ಎಂದು ಹಿಂಬರಹ ಬಂತು. ಹದಿನೆಂಟು ದಿನ ಗಿಡಗಳನ್ನು ಬಿಸಿಲಿಗೆ ಒಣಗಿಸಿ ಸಾಕ್ಷಿಗೆಂದು ನಿಲ್ಲಿಸಿಕೊಳ್ಳಬೇಕಿತ್ತೇ, ಸ್ವಾಮಿ?

ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಪರಿಹಾರ ಎಂಬ ಮಿತಿಯೂ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ದರಪಟ್ಟಿಯೂ ತಮಗೆ ತಿಳಿಯದ್ದೇನಲ್ಲ. 2022–26ರ ಪಟ್ಟಿಯಲ್ಲಿ ನೀರಾವರಿ ಬೆಳೆಗಿದ್ದ ಹೆಕ್ಟೇರಿಗೆ 17,000 ರೂಪಾಯಿಯಂತೆ ನನ್ನ ಇಪ್ಪತ್ತು ಗುಂಟೆಗೆ ಬರಬೇಕಿದ್ದದ್ದು 3,440 ರೂಪಾಯಿ. ಸಸಿಗೆ ಮಾತ್ರ ಕೊಟ್ಟದ್ದು 60,500. ಆ 3,440 ಕೂಡ ಬಂದಿಲ್ಲ ಎನ್ನುವುದು ಬೇರೆ ಮಾತು. ಕಟ್ಟುವಾಗ ಅರ್ಧ ವೆಚ್ಚವನ್ನು ಸಹಾಯಧನವಾಗಿ ಕೊಟ್ಟು, ಅಳತೆ ಹಿಡಿದು, ಫಲಕ ಹಾಕಿಸಿದ ಸರ್ಕಾರಕ್ಕೆ, ಹರಿದಾಗ ಅದೇ ಪಾಲಿಹೌಸ್ ಕಣ್ಣಿಗೆ ಬೀಳುವುದಿಲ್ಲವೆಂದರೆ ನಂಬುವುದು ಹೇಗೆ?

ಎರಡು ವರ್ಷದ ಹಿಂದೆ ತಾವು ನಮ್ಮೂರಿಗೆ ಬಂದಾಗ ಕೊರಳಿಗೆ ಹಾಕಿದ ಕೆಂಪು, ಹಳದಿ ಕ್ಯಾಪ್ಸಿಕಂ ಹಾರ ತಮಗೆ ನೆನಪಿರಬಹುದು. ಅದರ ಎಂಟು ಕಿಲೋ ಕಾಯಿ ನನ್ನ ತೋಟದ್ದು. ಅದಕ್ಕೂ ನನ್ನ ಬಳಿ ದಾಖಲೆಯಿಲ್ಲ.

ಮತ್ತೊಮ್ಮೆ ವಿನಂತಿಸುತ್ತೇನೆ: ಐದು ದಿನದೊಳಗೆ ಪರಿಶೀಲನೆ ಆಗಲಿ, ಬರಲಾಗದಿದ್ದರೆ ರೈತ ತೆಗೆದ ಫೋಟೋವನ್ನೇ ಮಹಜರಿಗೆ ಸೇರಿಸಿಕೊಳ್ಳಲಿ, ಹಾಳೆಯ ನಷ್ಟ ಲೆಕ್ಕಕ್ಕೆ ಬರಲಿ. ಹರಿದ ಹಾಳೆಯನ್ನು ಗುಜರಿಗೆ ಹಾಕಿಲ್ಲ. ಸುತ್ತಿ ಪಂಪ್‌ಮನೆಯಲ್ಲಿ ಇಟ್ಟಿದ್ದೇನೆ. ತಾವೇ ಯಾರನ್ನಾದರೂ ಕಳಿಸಿಕೊಡಿ, ಬರುವವರು ಅಳತೆ ಟೇಪು ತರಲಿ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ